ಉಮ್ಮತ್ತೂರಿಗೆ ಬರುವಾಗ ಮಾತ್ರ ನಿಲ್ಲುತ್ತಿದ್ದ ಲಾರಿ

ಬರೆದುಕೋ ಕೂಸೇ. ಮೊದಲು ಆ ಫ್ಯಾನು ಸಣ್ಣ ಮಾಡು, ಹಾಳೆ ಹಾರಿದರೆ ನಿಮ್ಮ ತಾತನ ಅರ್ಧ ಆಯುಸ್ಸು ಮಂಚದ ಕೆಳಗೆ ಸೇರಿಕೊಳ್ಳುತ್ತದೆ.

ನಿಮ್ಮ ತಾತ ನೀಲಕಂಠಸ್ವಾಮಿ ಗುಂಡ್ಲುಪೇಟೆಯವರು. ದೊಡ್ಡ ಮನುಷ್ಯರೇನಲ್ಲ, ಲಾರಿ ಓಡಿಸುತ್ತಿದ್ದರು. ಹಾಗಂತ ಒಂದೇ ಸಾಲಿಗೆ ಮುಗಿಸಿಬಿಡಬೇಡ. ಅವರ ಅಪ್ಪ ಬೇಗ ತೀರಿಕೊಂಡರು. ಉಳಿದದ್ದು ತಾಯಿ ಪುಟ್ಟಮಲ್ಲಮ್ಮ, ಒಂದಿಷ್ಟು ಹೊಲ, ಒಂದು ಜೊತೆ ಎತ್ತು. ಎತ್ತಿನ ಹಿಂದೆ ನಡೆಯಬೇಕಾದವರು ಊಟಿ ರಸ್ತೆಯ ಲಾರಿಗಳ ಹಿಂದೆ ಹೋದರು. ಕ್ಲೀನರ್ ಆಗಿ ಸೇರಿ, ಬಂಡೀಪುರದ ಕಡೆಯಿಂದ ಬಿದಿರು ಹೇರಿ ಹೇರಿ ಡ್ರೈವರ್ ಆದರು. ಆಮೇಲೆ ತಮ್ಮದೇ ಒಂದು ಹಳೆಯ ಡೀಸೆಲ್ ಲಾರಿ ತಂದು ಮನೆ ಮುಂದೆ ನಿಲ್ಲಿಸಿದರು. ಯುದ್ಧದ ಕಾಲದ್ದಂತೆ. ಉದ್ದ ಮೂತಿ. ಬಾಗಿಲು ತೆಗೆದರೆ ಮುಚ್ಚುತ್ತಿರಲಿಲ್ಲ, ಮುಚ್ಚಿದರೆ ತೆಗೆಯಲು ಬರುತ್ತಿರಲಿಲ್ಲ. ಅದರ ಎಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಕೇಳುವುದು ಅವರ ಅಭ್ಯಾಸ. ಆ ಅಭ್ಯಾಸ ಕೊನೆಯವರೆಗೂ ಹೋಗಲಿಲ್ಲ. ನಿನ್ನಪ್ಪ ಕೂಸಾಗಿದ್ದಾಗ ಹೊಟ್ಟೆನೋವೆಂದು ಅತ್ತರೂ ಹೊಟ್ಟೆಗೆ ಕಿವಿಯಿಟ್ಟು, "ಪೈಪಲ್ಲಿ ಗಾಳಿ ಸೇರ್ಕಂಡದೆ ಕಣಮ್ಮಿ" ಎನ್ನುತ್ತಿದ್ದರು.

ಎಲ್ಲಿಗೋ ಹೋದೆ. ಮದುವೆಗೆ ಬರುತ್ತೇನೆ.

ಕನ್ನಡದ ಸೀಮೆಗಳೆಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾಯಿತಲ್ಲ, ಅದರ ಮರುವರ್ಷ. ನಮ್ಮೂರು ಉಮ್ಮತ್ತೂರು. ನನ್ನಪ್ಪ ಚಿಕ್ಕಮಲ್ಲಪ್ಪ ಹೊಲಗೆಲಸದಲ್ಲಿ ಗಟ್ಟಿಗ, ಶಕುನದ ವಿಷಯದಲ್ಲಿ ಮಾತ್ರ ಬಹಳ ಅಂಜುಬುರುಕ. ಹಲ್ಲಿ ಲೊಚಗುಟ್ಟಿದರೆ ಎದ್ದವರು ಕೂತುಬಿಡುತ್ತಿದ್ದರು. ದೂರದ ನೆಂಟರ ಕಡೆಯಿಂದ ಗುಂಡ್ಲುಪೇಟೆಯ ಸಂಬಂಧ ಬಂತು. ಹೆಣ್ಣು ನೋಡಲು ಗಂಡಿನವರು ತಮ್ಮ ಲಾರಿಯಲ್ಲೇ ಬರುತ್ತಾರೆಂದು ಕೇಳಿ ಇಡೀ ಬೀದಿ ನಮ್ಮ ಜಗಲಿಯಲ್ಲಿ ಕೂತಿತ್ತು.

ಬೆಳಗಿನ ತಿಂಡಿಯ ಹೊತ್ತಿಗೆ ಬರಬೇಕಾದವರು ಬಂದದ್ದು ಬಿಸಿಲು ಇಳಿದ ಮೇಲೆ. ಉಪ್ಪಿಟ್ಟು ಇಟ್ಟಿಗೆಯಂತಾಗಿತ್ತು. ಲಾರಿ ಚಾಮರಾಜನಗರ ಇನ್ನೂ ಸಿಗುವ ಮೊದಲೇ ಕೆಮ್ಮಿ, ಗುಟುಕರಿಸಿ ನಿಂತಿತಂತೆ. ಫಿಲ್ಟರ್ ಬಿಚ್ಚಿ ತೊಳೆದರಂತೆ, ಪೈಪು ಊದಿದರಂತೆ, ಟ್ಯಾಂಕಿನ ಮುಚ್ಚಳ ತೆಗೆದು ಡೀಸೆಲ್ ಇದೆಯೇ ಎಂದು ಕಡ್ಡಿ ಅದ್ದಿ ನೋಡಿದರಂತೆ, ಪುಟ್ಟಮಲ್ಲಮ್ಮ ಒಂದು ಕಾಯಿ ಒಡೆದರಂತೆ. ಹೊರಟಿತು. ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಮತ್ತೆ ಅದೇ ಬಿಚ್ಚುವುದು, ಊದುವುದು, ಅದ್ದುವುದು.

ನಾನು ತಾಂಬೂಲ ಹಿಡಿದು ಬಂದಾಗ ನಿಮ್ಮ ತಾತ ನನ್ನನ್ನು ನೋಡಲೇ ಇಲ್ಲ. ಬಾಗಿಲಾಚೆ ಲಾರಿಯನ್ನೇ ನೋಡುತ್ತಿದ್ದರು. ಮೂಗಿನ ಮೇಲೆ ಗ್ರೀಸು. ನನಗೆ ನಗು ಬಂತು. ಆಗ ತಿರುಗಿ ನೋಡಿದರು. ಆ ಗ್ರೀಸಿನ ಮುಖಕ್ಕೇ ನಾನು ಒಪ್ಪಿದ್ದು. ಇದನ್ನು ಬರಿ, ನಾಚಿಕೆಯೇನಿಲ್ಲ.

ಹಿಂದಿರುಗುವಾಗ ಲಾರಿ ಎಲ್ಲೂ ನಿಲ್ಲದೆ ಗುಂಡ್ಲುಪೇಟೆ ಸೇರಿತಂತೆ. ಆಮೇಲೆ ಪುಣಜನೂರಿಗೆ ಹೋಗಿ ಬಿದಿರು ಹೇರಿಕೊಂಡು ಬಂತು, ಬೆಲ್ಲ ಹೇರಿಕೊಂಡು ಊಟಿ ಹತ್ತಿತು, ಒಂದು ಕೆಮ್ಮೂ ಇಲ್ಲ. ತಾತನಿಗೆ ನಿದ್ದೆ ಬರಲಿಲ್ಲ. ಕೆಟ್ಟೇ ಹೋದ ಎಂಜಿನ್ನನ್ನು ಬಿಚ್ಚಿ ನೋಡಬಹುದು, ಬೇಕಾದಾಗ ಕೆಟ್ಟು ಬೇಡವಾದಾಗ ಸರಿಯಾಗುವುದನ್ನು ಎಲ್ಲಿ ಅಂತ ಹುಡುಕುವುದು?

ಎರಡನೇ ಸಲ ಬಂದದ್ದು ವೀಳ್ಯಶಾಸ್ತ್ರಕ್ಕೆ. ಹಿರಿಯರ ಎದುರು ಎಲೆ ಅಡಿಕೆ ಬದಲಾಯಿಸಿ ಮಾತು ಗಟ್ಟಿ ಮಾಡಿಕೊಳ್ಳುವ ದಿನ. ತಾತ ಹಿಂದಿನ ದಿನವೇ ಟ್ಯಾಂಕಿನ ಕುತ್ತಿಗೆಯವರೆಗೂ ಡೀಸೆಲ್ ತುಂಬಿಸಿದ್ದರು, ಅದನ್ನೂ ಪಂಚೆಯಲ್ಲಿ ಸೋಸಿ. ಹೊಸ ಫಿಲ್ಟರ್ ಹಾಕಿದ್ದರು. ಲಾರಿ ತೆರಕಣಾಂಬಿ ದಾಟುತ್ತಲೇ ನಿಂತಿತು! ಆಮೇಲೆ ದಾರಿಯುದ್ದಕ್ಕೂ ನಿಂತು ನಿಂತು ಬಂತು. ನಮ್ಮ ಹಿರಿಯರು ಕಾದು ಕಾದು, ಉಂಡು ಎದ್ದು ಹೋದರು. ಲಾರಿ ಬರುವಾಗ ದನ ಮನೆಗೆ ಬರುವ ಹೊತ್ತು.

ಅಪ್ಪ ಜಗಲಿಯಿಂದ ಏಳಲಿಲ್ಲ.

"ಅಲ್ಲಪ್ಪ ನೀಲಕಂಠ, ನಿನ್ ಲಾರಿ ಊಟಿ ಬೆಟ್ಟ ಅತ್ತದೆ. ನಮ್ಮೂರ್ಗೆ ಬರಕ್ ಮಾತ್ರ ಅದ್ಕೆ ಕಾಲ್ ಬರಲ್ಲ. ಇಲ್ಲಿಂದ ಓಗುವಾಗ ನೋಡುದ್ರೆ ಕುಣ್ಕಂಡ್ ಓಯ್ತದೆ. ಇದ್ರ ಅರ್ಥ ಏನು?"

"ಮಾವ, ಅದು ಯಂತ್ರ. ಅದ್ಕೆ ಉಮ್ಮತ್ತೂರು ಯಾವ್ದು, ಊಟಿ ಯಾವ್ದು ಅಂತ ಎಂಗ್ ಗೊತ್ತಾದದು?"

"ಅದ್ಕೆ ಗೊತ್ತಿಲ್ದೆ ಇರ್ಬೋದು. ಮೇಲಿರೋನ್ಗೆ ಗೊತ್ತು. ಬ್ಯಾಡ ಬುಡು, ಈ ಸಂಬಂಧ ಕೂಡಿ ಬರಲ್ಲ."

ನಾನು ಒಳಗಿನಿಂದ ಬಾಗಿಲ ಸಂದಿಗೆ ಕಿವಿಯಿಟ್ಟೆ. ಪುಟ್ಟಮಲ್ಲಮ್ಮ ಸುಮ್ಮನಿರುವವರಲ್ಲ. "ಏನಣ್ಣ ಇಂಗಂತೀರಿ? ನಾನೇನ್ ಕಮ್ಮಿ ಮಾಡಿವ್ನಿ? ಓದ್ಸಲ ನಿಂತೋಯ್ತು ಅಂತ ಈ ಸಲ ಎರಡರಷ್ಟು ವಿಭೂತಿ ಬಳ್ದಿವ್ನಿ, ಹಣೆ, ಚಕ್ರ, ಬಾಯಿ ಒಂದೂ ಬುಟ್ಟಿಲ್ಲ!" ಎಂದರು. ನನ್ನತ್ತೆಗೆ ಲಾರಿಯೂ ಎತ್ತೂ ಒಂದೇ. ದಿನದ ಬಾಡಿಗೆಗಾದರೆ ಮೂತಿಗೆ ಮೂರು ಬೆರಳು ಎಳೆದು ಕಳಿಸುವರು, ಶುಭಕಾರ್ಯವೆಂದರೆ ಮೈಯೆಲ್ಲ ಪೂಜೆ. ಅವರ ವಿಭೂತಿಯೂ ಅಂತಿಂಥದ್ದಲ್ಲ. ಮಠದಿಂದ ತಂದ ಗಟ್ಟಿಯನ್ನು ನೀರಲ್ಲಿ ತೇಯ್ದು ಗಂಧದಂತೆ ಮಾಡಿ ಬಳಿದರೆ, ಒಣಗಿದ ಮೇಲೆ ಸುಣ್ಣದ ಗಾರೆ. ಈಗಿನ ವಿಭೂತಿ ಬಿಡು, ಊದಿದರೆ ಹಾರುತ್ತದೆ.

ಅಪ್ಪ ಮುಖ ತಿರುಗಿಸಿ ಹಿತ್ತಲಿಗೆ ಹೋದರು. ತಾತ ತಲೆ ಬಗ್ಗಿಸಿಕೊಂಡು ನಡುಮನೆಯ ಕಂಬಕ್ಕೆ ಒರಗಿ ಕೂತರು. ಕತ್ತಲಾಗುತ್ತಿತ್ತು. ನನ್ನವ್ವ ಚಿಕ್ಕಬಸಮ್ಮ ಲಾಟೀನಿಗೆ ಎಣ್ಣೆ ಹಾಕಲು ಸೀಮೆಎಣ್ಣೆ ಡಬ್ಬ ತಂದಳು. ಆ ಡಬ್ಬ ನೀನು ಕಂಡಿಲ್ಲ. ಚೌಕದ್ದು, ಮೇಲೆ ಎರಡು ತೂತು ಹೊಡೆದಿರುತ್ತಿದ್ದೆವು. ಒಂದು ಎಣ್ಣೆ ಸುರಿಯಲು, ಎದುರಿನ ಮೂಲೆಯಲ್ಲಿ ಇನ್ನೊಂದು, ಗಾಳಿ ಹೋಗಲು. ಅವ್ವ ಡಬ್ಬ ಬಗ್ಗಿಸಿದಳು, ಎಣ್ಣೆ ಧಾರೆಯಾಗಿ ಇಳಿಯಿತು. ಲಾಟೀನು ತುಂಬಿತೆಂದು ಗಾಳಿಯ ತೂತಿಗೆ ಹೆಬ್ಬೆರಳು ಒತ್ತಿದಳು. ಧಾರೆ ಗುಟುಕ್ ಗುಟುಕ್ ಎಂದು ನಿಂತುಹೋಯಿತು. ಡಬ್ಬ ಮಾತ್ರ ಬಗ್ಗಿದಂತೆಯೇ ಇತ್ತು.

ತಾತ ತಲೆಯೆತ್ತಿದರು. "ಅತ್ತೆ, ಬೆರಳೆತ್ತಿ" ಎಂದರು.

"ಯಾಕಪ್ಪ? ಚೆಲ್ಲೋಯ್ತದೆ."

"ಚೆಲ್ಲಲಿ, ಎತ್ತಿ ಅತ್ತೆ!"

ಅವ್ವ ಗಾಬರಿಯಿಂದ ಬೆರಳೆತ್ತಿದಳು. ಎಣ್ಣೆ ಸುರಿದು ಲಾಟೀನು ತುಂಬಿ ನೆಲಕ್ಕೆ ಹರಿಯಿತು. ತಾತ ಒಂದೇ ನೆಗೆತಕ್ಕೆ ಬೀದಿಗೆ ಓಡಿದರು. ಹೆಣ್ಣು ಸಿಗಲಿಲ್ಲವೆಂದು ಹುಡುಗನಿಗೆ ತಲೆಕೆಟ್ಟಿತೆಂದೇ ಅವ್ವ ತಿಳಿದಳು.

ಬೀದಿಯಲ್ಲಿ ಅವರ ಕ್ಲೀನರ್ ಸೋಮಯ್ಯ ಲಾರಿ ಒರೆಸಲು ಒದ್ದೆ ಬಟ್ಟೆ ಹಿಂಡುತ್ತಿದ್ದ. ತಾತನಿಗಿಂತ ಹಿರಿಯ, ದೊಡ್ಡ ಮೀಸೆಯವನು. ಬೀಗರ ಮನೆ ಮುಂದೆ ಲಾರಿ ಕೊಳಕಾಗಿರಬಾರದೆಂದು ಹೋದ ಸಲವೂ ಬಂದ ತಕ್ಷಣ ತಿಕ್ಕಿ ತೊಳೆದಿದ್ದ.

"ಮುಟ್ಬ್ಯಾಡ ಸೋಮಣ್ಣ! ಓದ್ಸಲ ಟ್ಯಾಂಕಿನ ಮುಚ್ಚಳಾನೂ ಒರ್ಸಿದ್ಯಾ?"

"ಒರುಸ್ದೆ ಬುಟ್ಟೆನಾ? ನಿಮ್ಮವ್ವಾರ್ ಮೆತ್ತಿದ್ ವಿಭೂತಿ ಕೀಳಕ್ಕೆ ನನ್ ಉಗುರು ಓಯ್ತು."

ನಾನು ಕಿಟಕಿಗೆ ಬಂದಿದ್ದೆ. ಟ್ಯಾಂಕಿನ ಮುಚ್ಚಳ ಬೆಳ್ಳಗೆ, ಮುಖದಂತೆ ಹೊಳೆಯುತ್ತಿತ್ತು. ಲಾರಿ ಡೀಸೆಲ್ ಉಣ್ಣುವ ಬಾಯಿ ಅದೇ ಎಂದು ನನ್ನತ್ತೆ ಅಲ್ಲಿಗೆ ಹೆಚ್ಚೇ ಬಳಿದಿದ್ದರು. ಆ ಮುಚ್ಚಳದ ನಡುವೆ ಗಾಳಿಗೊಂದು ಸಣ್ಣ ತೂತಿರುತ್ತದಂತೆ. ಒಳಗಿನ ಡೀಸೆಲ್ ಖರ್ಚಾದಷ್ಟೂ ಗಾಳಿ ಒಳಗೆ ಹೋಗಬೇಕು. ತೂತು ಕಟ್ಟಿದರೆ ಅವ್ವನ ಡಬ್ಬದ ಗತಿಯೇ, ಎಂಜಿನ್ನಿಗೆ ಡೀಸೆಲ್ ಇಳಿಯುವುದಿಲ್ಲ. ದಾರಿಯಲ್ಲಿ ಕಡ್ಡಿ ಅದ್ದಲು ಮುಚ್ಚಳ ತೆಗೆದಾಗಲೆಲ್ಲ ಗಾಳಿ ನುಗ್ಗುತ್ತಿತ್ತು, ಲಾರಿ ಹೊರಡುತ್ತಿತ್ತು. ಇವರು ಕಾಯಿ ಒಡೆದದ್ದರಿಂದ ಅಂದುಕೊಳ್ಳುತ್ತಿದ್ದರು.

ತಾತ ಸುತ್ತ ನೋಡಿದರು. "ಒಂದ್ ಸೂಜಿ, ತಂತಿ, ಏನಾರ ಕೊಡಮ್ಮಿ."

ನನ್ನ ಜಡೆಯ ಪಿನ್ನು ಕಿತ್ತು ಕಿಟಕಿಯಿಂದ ಕೊಟ್ಟೆ. ನಾವಿಬ್ಬರೂ ಮೊದಲು ಆಡಿದ ಮಾತು ಅದೇ. ಅದರಲ್ಲೂ ನಾನು ಆಡಿದ್ದೇನೂ ಇಲ್ಲ. ಪಿನ್ನು ಚುಚ್ಚಿದರು. ಲಾರಿ ಉಸ್ಸ್ ಎಂದು ಉದ್ದಕ್ಕೆ ಉಸಿರೆಳೆದುಕೊಂಡಿತು, ನನಗೂ ಕೇಳಿಸಿತು. ತಾತ ಅಲ್ಲೇ ನೆಲದ ಮೇಲೆ ಕೂತು ನಕ್ಕರು. "ದಾರಿ ಉದ್ದಕ್ಕೂ ಕಣ್ಮುಂದೇ ಇತ್ತಲ್ಲ ಸೋಮಣ್ಣ! ದೇವರ ಗುರುತು ಇರೋ ಜಾಗಾನ ಯಾರ್ ಅನುಮಾನುಸ್ತರೆ?"

ಕಾರಣ ಸಿಕ್ಕಿತು, ಹೇಳುವುದು ಹೇಗೆ? ವಿಭೂತಿಯಿಂದ ಲಾರಿ ನಿಂತಿತು ಎಂದರೆ ಅಪ್ಪ ಇನ್ನೊಂದು ಅಪಶಕುನವೆಂದು ಕಿವಿ ಮುಚ್ಚಿಕೊಳ್ಳುವರು. ತಾಯಿಗೆ ಹೇಳಲು ತಾತನಿಗೆ ಧೈರ್ಯವಿಲ್ಲ. ನನ್ನವ್ವನೊಬ್ಬಳ ಕಿವಿಯಲ್ಲಿ ಹೇಳಿ, ಅಪ್ಪನ ಹತ್ತಿರ ಹೋಗಿ, "ಮಾವ, ಇನ್ ನಿಲ್ಲಲ್ಲ" ಎಂದರು.

"ಓದ್ಸಲಾನೂ ಇಂಗೇ ಅಂದಿದ್ದೆ" ಎಂದರು ಅಪ್ಪ. ಅವ್ವ ನಡುವೆ ಬಂದಳು. "ಎಂಗಿದ್ರೂ ಗಂಡಿನ್ ಮನೆ ನೋಡಕ್ ಓಗ್ಬೇಕಲ್ಲ, ಬಸ್ಸಲ್ ಓಗನ. ಬರುವಾಗ ಈ ಲಾರೀಲೇ ಬರನ. ನೀವೇ ಕುಂತು ನೋಡಿ." ಅಪ್ಪ ಒಪ್ಪಿದರು. ಆದರೆ ಒಂದು ಮಾತು ಹಾಕಿದರು. "ಗುಂಡ್ಲುಪೇಟೆ ಬುಟ್ಟ ಮ್ಯಾಲೆ ನಮ್ಮನೆ ಬಾಗಲ್ಗಂಟ ಒಂದ್ಸಲಾನೂ ನಿಲ್ಬಾರ್ದು. ನಿಂತ್ರೆ ಮದ್ವೆ ಮಾತಿಲ್ಲ."

ಮುಂದಿನದೆಲ್ಲ ಅವ್ವ ಹೇಳಿ ಹೇಳಿ ನಕ್ಕದ್ದು. ಗುಂಡ್ಲುಪೇಟೆಯಲ್ಲಿ ಮನೆ ನೋಡಿದರು, ಉಂಡರು. ಅಪ್ಪನಿಗೆ ಪುಟ್ಟಮಲ್ಲಮ್ಮನ ಮಜ್ಜಿಗೆ ಬಹಳ ಹಿಡಿಸಿ, ಲೋಟದ ಮೇಲೆ ಲೋಟ ಕುಡಿದರು. ಹೊರಡುವಾಗ ಪುಟ್ಟಮಲ್ಲಮ್ಮ ಬಟ್ಟಲು ತುಂಬ ವಿಭೂತಿ ತೇಯ್ದು ತಂದರು. ತಾತ ಅಂಗಿ ಜೇಬಿನ ಪಿನ್ನು ಹಿಡಿದುಕೊಂಡು ಕಂಬದಂತೆ ನಿಂತರು. ಅತ್ತೆಯ ಕೈ ಮುಚ್ಚಳದ ಹತ್ತಿರ ಹೋಗುತ್ತಲೇ ಅವ್ವ ಅವರ ಪಕ್ಕಕ್ಕೆ ಹೋಗಿ ನಿಂತು ಮೆಲ್ಲಗೆ ಅಂದಳು.

"ಅಕ್ಕ, ಅಲ್ಲೊಂದ್ ತೂತದೆ ನೋಡಿ. ಲಾರಿ ಉಸಿರಾಡದು ಅಲ್ಲೇ ಅಂತೆ. ಅದು ಮೂಗು."

ಪುಟ್ಟಮಲ್ಲಮ್ಮ ಬಗ್ಗಿ ನೋಡಿದರು. ಮಗನ ಕಡೆ ತಿರುಗಿದರು. "ಮೂಗು ಅಂತ ಮದ್ಲೇ ಯೋಳಕ್ಕೆ ಏನಾಗಿತ್ಲಾ ನಿಂಗೆ? ನಾನು ಬಾಯಿ ಅಂದ್ಕಂಡಿದ್ದೆ. ಯಾವ್ ತಾಯಿ ಮೂಗ್ಗೆ ವಿಭೂತಿ ತುರುಕ್ತಳೆ?" ಎಂದು ಬೈದು, ತೂತು ಬಿಟ್ಟು ಸುತ್ತ ದುಂಡಗೆ ಬಳಿದರು. ಅಷ್ಟೇ. ತಾತ ಅದಕ್ಕಾಗಿ ಎಷ್ಟು ಹೆದರಿದ್ದರೋ!

ಲಾರಿ ಹೊರಟಿತು. ಮುಂದೆ ತಾತ, ಅಪ್ಪ, ಅವ್ವ, ಹಿಂದೆ ಸೋಮಯ್ಯ. ತೆರಕಣಾಂಬಿ ದಾಟಿತು, ನಿಲ್ಲಲಿಲ್ಲ. ಚಾಮರಾಜನಗರದ ಪೇಟೆ ದಾಟಿತು, ನಿಲ್ಲಲಿಲ್ಲ. ಅಪ್ಪನ ಮುಖ ಮಾತ್ರ ಬರಬರುತ್ತಾ ಬಿಗಿಯಿತು. ಆ ರಸ್ತೆಯ ಗುಂಡಿಗಳು, ಆ ಮಜ್ಜಿಗೆ.

"ನೀಲಕಂಠ, ವಸಿ ನಿಲ್ಸಪ್ಪ."

"ಎಂಗ್ ನಿಲ್ಸದು ಮಾವ? ನಿಂತ್ರೆ ಮದ್ವೆ ಮಾತಿಲ್ಲ ಅಂದ್ರಲ್ಲ."

"ಅದು ಅದಾಗದೇ ನಿಂತ್ರೆ ಕಣಪ್ಪ. ಇದು ನಾನು ನಿಲ್ಸು ಅಂತಿರೋದು."

"ನೀವು 'ಅದಾಗದೇ' ಅಂತ ಅಂದಿರ್ಲಿಲ್ಲ ಮಾವ. ಅತ್ತೆ, ಅಂದಿದ್ರಾ?"

"ಊಹೂಂ" ಎಂದಳು ಅವ್ವ, ಸೆರಗು ಬಾಯಿಗಿಟ್ಟುಕೊಂಡು.

ಲಾರಿ ಇನ್ನೊಂದು ಗುಂಡಿಗೆ ಇಳಿದೆದ್ದಿತು. ಅಪ್ಪ ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡು ಕೂಗಿದರು. "ಒಪ್ದೆ ಕಣಪ್ಪ, ಒಪ್ದೆ! ನನ್ ಮಗಳು ಮಂಗಳಗೌರೀನ ಕೊಟ್ಟೆ! ನಿಲ್ಸು ಮಾರಾಯ!"

ತಾತ ಲಾರಿಯನ್ನು ಒಂದು ಹುಣಸೆಮರದ ನೆರಳಿಗೆ ತಂದು ನಿಲ್ಲಿಸಿದರು. ಎಂಜಿನ್ನನ್ನೂ ಆರಿಸಿದರು, ಬೇಕೆಂದೇ. ಅಪ್ಪ ಹೋಗಿ ಹಗುರವಾಗಿ ಬಂದು ಹತ್ತಿದ ಮೇಲೆ ತಾತ ಸ್ಟಾರ್ಟರ್ ಗುಂಡಿ ಒತ್ತಿದರು. ಮೊದಲ ಸಲಕ್ಕೇ ಎಂಜಿನ್ ಗುಡುಗಿತು.

ನಾನು ಬಾಗಿಲಲ್ಲೇ ಕಾದಿದ್ದೆ. ಬೀದಿಯ ತಿರುವಿನಿಂದಲೇ ಹಾರನ್ ಕೇಳಿಸಿತು. ಅಪ್ಪ ಲಾರಿ ಪೂರ್ತಿ ನಿಲ್ಲುವ ಮೊದಲೇ ಧುಮುಕಿ, ಜಗಲಿಯಲ್ಲಿ ಕೂತಿದ್ದವರಿಗೆಲ್ಲ ಎದೆಯುಬ್ಬಿಸಿ ಹೇಳಿದರು. "ನೋಡ್ರಪ್ಪ, ಎಂಥಾ ಲಾರಿ! ಗುಂಡ್ಲುಪೇಟೆ ಬುಟ್ಟಿದ್ದು, ನಡುವೆ ಒಂದೇ ಒಂದ್ಸಲಾನೂ ನಿಲ್ನಿಲ್ಲ!"

ಸೋಮಯ್ಯ ಏನೋ ಹೇಳಲು ಬಾಯಿ ತೆರೆದ. ಅವ್ವ ಅವನ ಬಾಯಿಗೆ ಒಂದು ತುಂಡು ಬೆಲ್ಲ ಇಟ್ಟಳು.