ಆರ್ಡಿತ್‌ಳ ಬಂದೂಕು

ಕುರಿಗಳು ಈಯುವ ಕಾಲಕ್ಕೆ ಸರಿಯಾಗಿ ಆರ್ಡಿತ್‌ಳ ಬಂದೂಕನ್ನು ಪೊಲೀಸರು ತೆಗೆದುಕೊಂಡು ಹೋದರು. ಬಂದವನು ಡೆಪ್ಯುಟಿ ಆರಿನ್. ಕೊಲೊರಾಡೊದ ಆ ಬಯಲಿನಲ್ಲಿ ಅವಳ ಜೊತೆ ಒಂದೇ ಶಾಲೆಯ ಬಸ್ಸಿನಲ್ಲಿ ಓಡಾಡಿ ಬೆಳೆದವನು. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.

“ನಿನ್ನ ತಮ್ಮ ಅರ್ಜಿ ಹಾಕಿದಾನೆ ಕಣೆ. ನೀನು ಅವನ ಮೇಲೆ ಗುರಿಯಿಟ್ಟೆ, ನಿನ್ನ ಕೈಲಿ ಬಂದೂಕಿದ್ರೆ ಅಪಾಯ ಅಂತ. ಜಡ್ಜು ಆದೇಶ ಕೊಟ್ಟಿದಾರೆ.”

“ನನ್ನ ಒಂದು ಮಾತು ಕೇಳದೇನೆ?”

“ಕೇಳೋದು ವಿಚಾರಣೆ ದಿನ. ಕಾನೂನಿರೋದೇ ಹಾಗೆ.”

ಗುರಿಯಿಟ್ಟದ್ದು ಶುದ್ಧ ಸುಳ್ಳು. ತಮ್ಮ ಲೈಲ್‌ಗೆ ಅಪ್ಪನ ಹುಲ್ಲುಗಾವಲು ಮಾರಬೇಕಿತ್ತು, ಇವಳು ಸಹಿ ಹಾಕಿರಲಿಲ್ಲ. ಅಕ್ಕನ ತಲೆ ಸರಿಯಿಲ್ಲವೆಂದು ಕೋರ್ಟೇ ಹೇಳಿಬಿಟ್ಟರೆ ಮುಂದಿನದು ಸಲೀಸು ಎಂದುಕೊಂಡಿದ್ದ.

ಊರಿನ ಕಾಫಿ ಅಂಗಡಿಯಲ್ಲಿ ಅವಳು ಕೂತ ಕೂಡಲೇ ಪಕ್ಕದ ಮೇಜಿನ ಹಾರ್ಲನ್ ಕೇಳಿದ: “ನಿನ್ನ ಕೈಗೆ ಫೋರ್ಕ್ ಕೊಡಬಹುದಾ ಆರ್ಡಿತ್, ಅದಕ್ಕೂ ಕೋರ್ಟನ್ನ ಕೇಳಬೇಕಾ?” ಎಲ್ಲರೂ ನಕ್ಕರು. ಅವಳೂ ನಕ್ಕಳು. “ಇವತ್ತು ಇವಳದ್ದು, ನಾಳೆ ನನ್ನದು. ಯಾರಿಗೆ ಯಾರ ಮೇಲೆ ಸಿಟ್ಟೋ ಅವರು ಹೋಗಿ ಅರ್ಜಿ ಗೀಚಿದ್ರಾಯ್ತು,” ಎಂದ ಹಾರ್ಲನ್.

ಕಾಫಿ ತಂದ ನೆಡ್ರಾ ಕಪ್ಪನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. “ಆ ಕಾನೂನು ಅವತ್ತು ಇದ್ದು ಅವನ ಕೈಯಿಂದ ಬಂದೂಕು ಕಿತ್ಕೊಂಡಿದ್ರೆ ನನ್ನ ತಂಗಿ ಮಗ ಇವತ್ತು ಇಲ್ಲಿ ಕೂತು ತಿಂಡಿ ತಿಂತಿದ್ದ.”

ಆರ್ಡಿತ್ ತನ್ನ ಕಪ್ಪನ್ನೇ ನೋಡುತ್ತಿದ್ದಳು.

ವಕೀಲೆ ಅವಳಿಗೆ ಹೇಳಿಕೊಟ್ಟಳು: “ಕೂಗಾಡಬೇಡಿ. ಅಳಬೇಡಿ. ತೀರಾ ಕಲ್ಲಿನ ಹಾಗೂ ಕೂರಬೇಡಿ.”

“ಮತ್ತೆ ಹೇಗೆ ಕೂರಲಿ?”

ವಕೀಲೆ ಫೈಲು ಮುಚ್ಚಿ ಗಡಿಯಾರ ನೋಡಿದಳು.

ಯಾರಿಗೂ ಗೊತ್ತಿಲ್ಲದ್ದು ಒಂದಿತ್ತು. ಗಂಡ ವೆಂಡೆಲ್‌ನನ್ನು ಮಣ್ಣು ಮಾಡಿದ ಚಳಿಗಾಲದಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ, ಅದೇ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಬಹಳ ಹೊತ್ತು ಕೂತಿದ್ದಳು. ಕುರಿಗಳು ಮೇವಿಗೆ ಕೂಗಿದವು. ಎದ್ದು ಹೋಗಿ ಹಾಕಿದಳು. ಆಮೇಲೆ ಇನ್ನೊಂದು ಸಲವೂ ಹಾಗೆ ಕೂತಿದ್ದಳು. ಲೈಲ್ ಕಣ್ಣು ಮುಚ್ಚಿ ಎಸೆದ ಸುಳ್ಳು ಸರಿಯಾಗಿ ಅಲ್ಲಿಗೇ ಬಂದು ಬಿದ್ದಿತ್ತು.

ವಿಚಾರಣೆಯಲ್ಲಿ ಲೈಲ್‌ನ ಕತೆ ನಿಲ್ಲಲಿಲ್ಲ. ಅವಳು ಗುರಿಯಿಟ್ಟಳೆಂದು ಅವನು ಹೇಳಿದ ದಿನ ಅವನು ದೂರದ ದನದ ಸಂತೆಯಲ್ಲಿದ್ದದ್ದನ್ನು ನೋಡಿದವರಿದ್ದರು. ಕೊನೆಗೆ ಜಡ್ಜು ಕನ್ನಡಕ ತೆಗೆದು ಮೆಲ್ಲಗೆ ಕೇಳಿದರು: “ಯಾರಿಗಾದರೂ, ನಿಮಗೇ ಆದರೂ ಸರಿ, ಅಪಾಯ ಮಾಡೋ ಯೋಚನೆ ಬಂದಿತ್ತಾ ನಿಮಗೆ?”

ಲೈಲ್ ಅವಳ ಮುಖವನ್ನೇ ನೋಡುತ್ತಿದ್ದ. ಹೌದೆಂದರೆ ಅವನ ಸುಳ್ಳಿಗೆ ಅವಳೇ ಜೀವ ಕೊಟ್ಟಂತೆ. ಹುಲ್ಲುಗಾವಲು ಹೋಯಿತು, ಹೆಸರೂ ಹೋಯಿತು.

“ಇಲ್ಲ,” ಎಂದಳು.

ಅರ್ಜಿ ವಜಾ ಆಯಿತು.

ಠಾಣೆಯಲ್ಲಿ ಆರಿನ್ ಬಂದೂಕನ್ನು ಮೇಜಿನ ಮೇಲಿಟ್ಟ. “ಗೆದ್ದೆಯಲ್ಲ. ತಗೊಂಡು ಹೋಗು.”

“ಸ್ವಲ್ಪ ದಿನ ಇಲ್ಲೇ ಇರಲಿ.”

“ಆಗಲ್ಲ ಕಣೆ. ಆದೇಶ ರದ್ದಾದ ಮೇಲೆ ನಾನು ಇಟ್ಕೊಂಡ್ರೆ ಅದೇ ತಪ್ಪು.”

ಅವಳು ಬಂದೂಕಿನ ಬೋಲ್ಟನ್ನು, ಗುಂಡನ್ನು ಒಳಗೆ ತಳ್ಳುವ ಆ ಕಬ್ಬಿಣದ ತುಂಡನ್ನು, ಹಿಂದಕ್ಕೆಳೆದು ಹೊರತೆಗೆದು ಅವನ ಮುಂದೆ ಇಟ್ಟಳು. ಅದಿಲ್ಲದೆ ಬಂದೂಕು ಬರೀ ಕೊಳವೆ.

“ಇದು ಬಂದೂಕಲ್ಲವಲ್ಲ. ಇದನ್ನಾದರೂ ಇಟ್ಕೋ.”

ಆರಿನ್ ತುಂಡನ್ನು ನೋಡಿದ. ಅವಳನ್ನು ನೋಡಿದ. ಏನೋ ಕೇಳಲು ಬಾಯಿ ತೆರೆದವನು ಬೇರೆಯದನ್ನೇ ಕೇಳಿದ.

“ಮರಿಗಳನ್ನ ಹಿಡಿಯೋಕೆ ಕಯೋಟಿ ತೋಳ ಬಂದ್ರೆ?”

“ನಾಯಿ ಇದೆ. ಆಗದಿದ್ರೆ ನಿನಗೆ ಫೋನ್ ಮಾಡ್ತೀನಿ.”

“ಕಯೋಟಿ ಬರದಿದ್ರೂ ಮಾಡು,” ಎಂದು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಹೊರಗೆ ಹಾರ್ಲನ್ ಕೈಯೆತ್ತಿ ಅಭಿನಂದಿಸಿದ. ಅವಳೂ ಕೈಯೆತ್ತಿದಳು. ಖಾಲಿ ಬಂದೂಕನ್ನು ಪಕ್ಕದಲ್ಲಿಟ್ಟುಕೊಂಡು ಟ್ರಕ್ ಹತ್ತಿದವಳಿಗೆ, ಗೆದ್ದವರು ಹೇಗೆ ಕೂರುತ್ತಾರೆಂದು ಗೊತ್ತಾಗಲಿಲ್ಲ.