ಗೋಣಿಯ ಮರೆ

ಸೂರಕ್ಕಿಯ ಗೂಡು ಬೇಲಿಯ ದಾಸವಾಳದಲ್ಲಿ ನೇತಾಡುತ್ತಿತ್ತು. ಉಚ್ಚಿಲದ ಅತ್ತೆಯ ಹಿತ್ತಿಲಿನಲ್ಲಿ ನಾಲ್ಕು ಗೂಟ ನೆಟ್ಟು, ಗೋಣಿ ಸುತ್ತಿ, ಕ್ಯಾಮೆರಾ ಹಿಡಿದು ಒಳಗೆ ಕುಳಿತೆ. ಬೆಳಕು ಯಾವ ಕಡೆಯಿಂದ ಬೀಳುತ್ತದೆಂದು ಮೊದಲೇ ನೋಡಿಕೊಂಡಿದ್ದೆ. ಗೂಡಿನ ಹಿಂದೆ ನೆರೆಮನೆಯ ಬಾವಿಕಟ್ಟೆ ಇರುವುದನ್ನು ಮಾತ್ರ ಯೋಚಿಸಿರಲಿಲ್ಲ.

“ಒಳಗೆ ಯಾರು? ಹೊರಗೆ ಬನ್ನಿ!”

ನೆರೆಮನೆಯ ಹಸನಬ್ಬ ಕೋಲು ಹಿಡಿದು ನಿಂತಿದ್ದರು.

“ನಮ್ಮ ಹೆಂಗಸರು ನೀರು ಸೇದುವ ಜಾಗ ಅದು. ಎಂತದರ ಫೋಟೋ ತೆಗೆಯುವುದು ನೀವು?”

“ಹಕ್ಕಿಯದ್ದು.”

“ಹಕ್ಕಿ ನೋಡಲಿಕ್ಕೆ ಗೋಣಿ ಎಂತಕ್ಕೆ ಮಾರಾಯ್ರೆ? ನಾನು ದಿನಾ ಗೋಣಿ ಇಲ್ಲದೆ ನೋಡುವುದಿಲ್ವಾ?”

ವಾದಕ್ಕಿಳಿದರೆ ಜನ ಸೇರುತ್ತಿದ್ದರು. ಅತ್ತೆಯ ಮರ್ಯಾದೆಯೂ ಹೋಗುತ್ತಿತ್ತು. “ನೀವೇ ಒಳಗೆ ಬಂದು ನೋಡಿ” ಎಂದೆ.

ಅವರು ಬಗ್ಗಿ ಒಳಬಂದು ಕ್ಯಾಮೆರಾಕ್ಕೆ ಕಣ್ಣಿಟ್ಟರು. ಅದರಲ್ಲಿ ಗೂಡಿನ ಬಾಯಿ ಮಾತ್ರ ಸ್ಪಷ್ಟವಾಗಿತ್ತು. ಬಾವಿ ಬರಿಯ ಮಬ್ಬು. ಅಷ್ಟರಲ್ಲಿ ತಾಯಿಹಕ್ಕಿ ಬಂತು.

“ಯಾ ಅಲ್ಲಾ, ಎರಡು ಮರಿ ಉಂಟು!” ಎಂದು ಪಿಸುಗುಟ್ಟಿದರು.

ನನಗೆ ಹೋದ ಜೀವ ಬಂದಂತಾಯಿತು.

ಬೇಲಿಯಾಚೆಯಿಂದ ಅವರ ಹೆಂಡತಿ ಕೂಗಿದರು: “ಸಿಕ್ಕಿದನಾ ಅವನು?”

ಹಸನಬ್ಬ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ನಾನು ಮೆಲ್ಲನೆ ಕ್ಯಾಮೆರಾದ ಗುಂಡಿಯತ್ತ ಬೆರಳು ಚಾಚಿದೆ. ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಸುಮ್ಮನಿರಿ ಮಾರಾಯ್ರೆ. ಸದ್ದಾದರೆ ಹಾರಿ ಹೋದೀತು.”

ಆ ದಿನ ರೀಲಿನಲ್ಲಿ ಒಂದು ಚಿತ್ರವೂ ಬೀಳಲಿಲ್ಲ. ಬೆನ್ನ ಮೇಲೆ ಪೆಟ್ಟು ಬೀಳಲಿಲ್ಲವಲ್ಲ ಎಂಬ ಸಮಾಧಾನವೇ ನನಗೆ ಸಾಕಾಗಿತ್ತು. ಮರುದಿನ ಬೆಳಿಗ್ಗೆ ಹೋದರೆ ಗೋಣಿಯೊಳಗೆ ಅವರ ಹೆಂಡತಿ ಕುಳಿತಿದ್ದರು. ಸ್ವಲ್ಪ ಹೊರಗೆ ಕಾಯುವಂತೆ ನನಗೆ ಹೇಳಿದರು.