ಅನಸುಬಾಯಿಯ ಕಪ್ಪೆಗೆ ರೋಗವಿರಲಿಲ್ಲ

ಬೆಳಕು ಹರಿಯುವ ಹೊತ್ತು. ಭಂಕೂರಿನಾಚೆ ಕಲ್ಲು ತೆಗೆದು ಬಿಟ್ಟ ಖಣಿಯಲ್ಲಿ ಮಳೆನೀರು ನಿಂತಿದೆ. ಅನಸುಬಾಯಿ ಮೊಣಕಾಲುದ್ದ ನೀರಿಗಿಳಿದು, ಒಡೆದ ಫರಸಿ ಹಾಸುಗಲ್ಲಿನಡಿಗೆ ಮೆಲ್ಲಗೆ ಕೈ ತೂರಿಸುತ್ತಾರೆ. ಕೈ ಹೊರಬಂದಾಗ ಅಂಗೈ ತುಂಬ ಒಂದು ಕಪ್ಪೆ. ಅದನ್ನು ದಡದ ಕಲ್ಲಿನ ಮೇಲೆ ಅಂಗಾತ ಹಾಕಿ ಕೈ ತೆಗೆಯುತ್ತಾರೆ. ಕಪ್ಪೆ ಕಾಲು ಝಾಡಿಸಿ ಚಟ್ಟನೆ ಮಗುಚಿ ಕೂರುತ್ತದೆ. ಅದು ಒದ್ದೆ ಗೋಣಿ ಹಾಸಿದ ಬುಟ್ಟಿಗೆ. ಮುಂದಿನದು ಅಂಗಾತವೇ ಉಳಿಯುತ್ತದೆ. ಅದು ಮರಳಿ ನೀರಿಗೆ.

“ತಾನ ಎದ್ದು ಕುಂದ್ರಬೇಕ್ರಿ. ಕುಂದ್ರಲಿಲ್ಲಂದ್ರ ಅದಕ್ಕ ಮೈಯಾಗ ಹುಷಾರಿಲ್ಲ ಅಂತ ತಿಳೀಬೇಕು. ಅಂಥಾದ್ದು ಒಂದೂ ನಾ ಬುಟ್ಟ್ಯಾಗ ಹಾಕಿಲ್ಲ.”

ಕೊನೆಯ ಮಾತನ್ನು ಅವರು ಎರಡು ಸಲ ಹೇಳುತ್ತಾರೆ. ಯಾಕೆಂಬುದು ಈ ಬರಹದ ವಿಷಯ.

ಅನಸುಬಾಯಿಗೆ ಐವತ್ತರ ಆಸುಪಾಸು. ತವರು ಕುರಕುಂಟಾ. ಗಂಡ ಭೀಮಶ್ಯಾ ಫರಸಿ ಒಡೆಯುವವರು. ಹದಿಮೂರು ವರ್ಷದ ಹಿಂದೆ ದೂರದ ಪಟ್ಟಣದ ವೈದ್ಯಕೀಯ ಕಾಲೇಜಿನಿಂದ ಯಾರೋ ಕಪ್ಪೆ ಹುಡುಕಿಕೊಂಡು ಖಣಿಗೆ ಬಂದರು. ಅಂದಿನಿಂದ ವಾರಕ್ಕೆ ಮೂರು ದಿನ, ದಿನಕ್ಕೆ ನಲವತ್ತು ಕಪ್ಪೆ. ಶಹಾಬಾದಿನಿಂದ ಪ್ಯಾಸೆಂಜರ್ ಗಾಡಿಯಲ್ಲಿ ನಾಲ್ಕು ತಾಸಿನ ದಾರಿ. ಗಾಡಿ ನಿಂತಲ್ಲೆಲ್ಲ, ಮನೆಯಿಂದ ಒಯ್ದ ಖಣಿಯ ನೀರನ್ನೇ ಗೋಣಿಗೆ ಚಿಮುಕಿಸಬೇಕು.

“ಬುಟ್ಟ್ಯಾಗ ಏನದ ಅಂತ ಕೇಳ್ತಾರ. ಕಪ್ಪಿ ಅಂದ್ರ ಸಾಕು, ಕುಂದ್ರೋ ಬಾಕು ಖಾಲಿ. ರಾಣಿ ಹಂಗ ಕಾಲು ಚಾಚಿ ಕುಂತು ಹೋಗ್ತಿದ್ದೆ,” ಎಂದು ನಗುತ್ತಾರೆ.

ಕಾಲೇಜಿನಲ್ಲಿ ಆ ಕಪ್ಪೆಗಳು ದೇಹಕ್ರಿಯೆಯ ಪಾಠ ಹೇಳುತ್ತವೆ. ತೊಡೆಯ ನರಕ್ಕೆ ವಿದ್ಯುತ್ತಿನ ತಂತಿ ತಾಗಿಸಿದರೆ ಮೀನಖಂಡದ ಸ್ನಾಯು ಸೆಟೆಯುತ್ತದೆ. ಅದಕ್ಕೆ ಕಟ್ಟಿದ ಸೂಜಿ, ಮಸಿ ಹಿಡಿಸಿದ ಕಾಗದದ ಮೇಲೆ ಬಿಳಿ ಗೆರೆ ಎಳೆಯುತ್ತದೆ. ಎದೆ ಹೇಗೆ ಬಡಿಯುತ್ತದೆ, ಸ್ನಾಯು ಹೇಗೆ ದಣಿಯುತ್ತದೆ ಎಂದು ವಿದ್ಯಾರ್ಥಿಗಳು ಕಲಿಯುವುದು ಹೀಗೆ. ಇಂದು ನಮ್ಮ ನಾಡಿ ಹಿಡಿಯುವ ಎಷ್ಟೋ ವೈದ್ಯರ ಕೈ ಮೊದಲು ಹಿಡಿದದ್ದು ಅನಸುಬಾಯಿಯ ಕಪ್ಪೆಯನ್ನು.

“ಸೊಂಟ ಹಿಡೀಬೇಕು, ತೊಡಿ ಹಿಡೀಬಾರ್ದು. ನರ ಜಗ್ಗಿತಂದ್ರ ಅಲ್ಲಿ ಹುಡುಗ್ರು ತಾರ ಹಚ್ಚಿದ್ರೂ ಕಾಲು ಜಿಗ್ಯಂಗಿಲ್ಲ.” ಇದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಬಾಗಿಲ ಬಳಿ ನಿಂತು ನೋಡಿ ಕಲಿತದ್ದು.

ಕಳೆದ ಏಪ್ರಿಲ್‌ನಲ್ಲಿ ಪರೀಕ್ಷೆಗೆಂದು ಅವರು ಅರವತ್ತು ಕಪ್ಪೆ ಒಯ್ದುಕೊಟ್ಟರು. ಮರುದಿನ ಬೆಳಿಗ್ಗೆ ತೊಟ್ಟಿಯಲ್ಲಿ ಅರ್ಧಕ್ಕರ್ಧ ಸತ್ತು ತೇಲುತ್ತಿದ್ದವು. ಉಳಿದವುಗಳ ಎದೆಬಡಿತ ಮೇಜಿನ ಮೇಲೆ ನಿಂತುಹೋಯಿತು. ಪರೀಕ್ಷಕರು ಸಿಟ್ಟಾದರು. ಅದೇ ಮಧ್ಯಾಹ್ನ ವಿಚಾರಣೆ ಮುಗಿದು ದಾಖಲೆಯಲ್ಲಿ ಒಂದು ಸಾಲು ಬಿತ್ತು: ‘ಭಂಕೂರಿನ ಹೆಂಗಸು ತಂದದ್ದು ರೋಗದ ಕಪ್ಪೆ.’ ಮುಂದಿನ ವಾರ ಬುಟ್ಟಿ ಹೊತ್ತು ಹೋದಾಗ ಗೇಟಿನವನು ಅವರ ಪಾಸು ಕಸಿದುಕೊಂಡ.

ಅನಸುಬಾಯಿಯನ್ನು ಯಾರೂ ಕೇಳಲಿಲ್ಲ. ಪ್ರಯೋಗಶಾಲೆಯ ಜವಾನ ಅಬ್ದುಲ್ ಕರೀಮ್ ಅವರನ್ನೂ ಕೇಳಲಿಲ್ಲ. ಈಗ ನಿವೃತ್ತರಾಗಿರುವ ಅವರು, ನನ್ನ ಹೆಸರು ಹಾಕಿಯೇ ಬರೆಯಿರಿ ಎನ್ನುತ್ತಾರೆ.

“ಪರೀಕ್ಷಾಕ್ಕ ಹೊರಗಿನ ಸಾಹೇಬ್ರು ಬರ್ತಾರ, ತೊಟ್ಟಿ ವಾಸನಿ ಹೊಡೀತದ, ಸಾಫ್ ಮಾಡು ಅಂದ್ರು. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದೆ. ಮ್ಯಾಲ ನಳದ ನೀರು ಬಿಟ್ಟು ಆಕಿ ಕಪ್ಪಿ ಹಾಕಿದೆ. ನಳದ ನೀರು ಹಾಕಬ್ಯಾಡೋ ಕರೀಮಣ್ಣ, ನನ್ನ ಖಣೀದೇ ಹಾಕು ಅಂತ ಆಕಿ ಹತ್ತು ವರ್ಷದಿಂದ ಬಾಯಿ ಬಡ್ಕೋತಿದ್ಳು. ತಪ್ಪು ನಂದು. ದೊಡ್ಡ ಸಾಹೇಬ್ರಿಗೆ ಹೋಗಿ ಹೇಳಿದೆ. ಆತು ನಡಿ ಅಂದ್ರು, ಬರಕೊಳ್ಳಲಿಲ್ಲ.”

ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ ಎಂಬುದು ಅಲ್ಲಿ ಕಲಿಸುವ ಪಾಠ. ಆ ಪಾಠ ಹೇಳುವವರ ತೊಟ್ಟಿಯಲ್ಲೇ, ಬ್ಲೀಚಿಂಗಿನ ಕ್ಲೋರಿನ್‌ಗೆ, ಆ ಚರ್ಮ ಸುಟ್ಟಿತು. ರೋಗ ಯಾವುದೆಂದು ಒಂದು ಕಪ್ಪೆಯನ್ನಾದರೂ ಸೀಳಿ ನೋಡಿದ್ದರೆ? ಸೀಳುವುದು ಅವರಿಗೆ ಹೊಸದೇನಲ್ಲವಲ್ಲ.

ಇನ್ನೂ ಕೇಳಿ. ಜುಲೈಯಿಂದ ಆ ಕಾಲೇಜಿಗೆ ಕಪ್ಪೆ ಕೊಡುತ್ತಿರುವುದು ವಾಡಿಯ ಒಬ್ಬ ಗುತ್ತೇದಾರ. ಆತ ಎಂದೂ ನೀರಿಗಿಳಿದವನಲ್ಲ. ಶಹಾಬಾದ್ ಸ್ಟೇಷನ್ನಿನಲ್ಲಿ ಅನಸುಬಾಯಿಯ ಕೈಯಿಂದ ಬುಟ್ಟಿ ತೆಗೆದುಕೊಂಡು ಗಾಡಿ ಹತ್ತುತ್ತಾನೆ. ಅದೇ ಖಣಿ, ಅದೇ ಕಪ್ಪೆ. ದಾಖಲೆಯಲ್ಲಿ ಅವನ ಹೆಸರಿನ ಮುಂದೆ ‘ಉತ್ತಮ’ ಎಂದಿದೆ.

ವಿಭಾಗದ ಮುಖ್ಯಸ್ಥರ ಮುಂದೆ ಇದನ್ನೆಲ್ಲ ಇಟ್ಟೆ. ಕರೀಮ್ ಅವರ ಮಾತು ಅವರಿಗೆ ಹೊಸದಾಗಿರಲಿಲ್ಲ; ಯಾವ ತೊಟ್ಟಿ, ಯಾವ ಪುಡಿ ಎಂದು ಅವರು ಕೇಳಲೇ ಇಲ್ಲ. “ಅದು ಮುಗಿದ ವಿಷಯ,” ಎಂದರು. ಯಾರಿಗೆ ಮುಗಿದದ್ದು?

ಅನಸುಬಾಯಿಯ ಮನೆಯ ಗೋಡೆಗೆ ಮಸಿ ಕಾಗದದ ಒಂದು ತುಂಡು ಅಂಟಿದೆ. ಯಾವನೋ ವಿದ್ಯಾರ್ಥಿ ಕೊಟ್ಟದ್ದು. ಎತ್ತರದ ಬಿಳಿ ಗೆರೆಗಳು ಬರಬರುತ್ತ ಗಿಡ್ಡವಾಗಿವೆ. ಓದುಬರಹ ಬಾರದ ಅವರು ಇದನ್ನು ಸಲೀಸಾಗಿ ಓದುತ್ತಾರೆ: “ಇಲ್ಲಿ ಕಸುವು ಅದ, ಇಲ್ಲಿಂದ ದಣೀಲಿಕತ್ತದ.”

ಭೀಮಶ್ಯಾ ಹೊಸ್ತಿಲಲ್ಲಿ ಕುಳಿತು ಕೆಣಕುತ್ತಾರೆ: “ಡಾಕ್ಟರಬಾಯಿ, ಅವರೇ ಹೊರಗ ಕಳಸ್ಯಾರ, ಸುಮ್ನ ಇದ್ದುಬಿಡು. ಬುಟ್ಟಿ ಅಂತೂ ಹೋಗ್ಲಿಕತ್ತದಲ್ಲ?”

“ಬುಟ್ಟಿ ಹೋಗ್ತದ್ರಿ, ನಾ ಹೋಗಂಗಿಲ್ಲ. ನಿಮ್ಮ ಫರಸಿಗೆ ಹುಳ ಹತ್ಯಾವ ಅಂತ ಯಾರರ ಬರದ್ರ ಸುಮ್ನ ಇರ್ತಿದ್ರಿ?”

ಭೀಮಶ್ಯಾ ಬೀಡಿ ಹಚ್ಚಿಕೊಂಡು ಖಣಿಯ ಕಡೆ ಹೊರಡುತ್ತಾರೆ.

ನಿಮಗೇನು ಬೇಕು ಎಂದು ಕೇಳಿದೆ. ಅನಸುಬಾಯಿ ಒದ್ದೆ ಗೋಣಿ ಹಿಂಡಿ ಕಲ್ಲಿನ ಮೇಲೆ ಹರವಿದರು.

“ಪಾಸು ಕೊಡ್ಲಿ. ಅದರ ಮ್ಯಾಲ ನನ್ನ ಹೆಸರು ಟೈಪ್ ಮಾಡಿದ್ರು. ಒಂದ್ ಸಲ ಒಳಗ ಹೋಗಿ ಆ ದೊಡ್ಡ ಸಾಹೇಬ್ರ ಮೇಜಿನ ಮ್ಯಾಲ ಒಂದ್ ಕಪ್ಪಿ ಅಂಗಾತ ಹಾಕ್ತೀನಿ. ಒಂದ್ ಮಾತೂ ಆಡಂಗಿಲ್ಲ. ಅದು ಎದ್ದು ಕುಂತ ಮ್ಯಾಲ, ಬುಟ್ಟಿ ಎತ್ಕೊಂಡು ಮನಿಗೆ ಬರ್ತೀನಿ.”